ಒಂದು ಸುತ್ತು ಹೆಚ್ಚಾದ ಬೋಲ್ಟು

ನನ್ನ ಮೇಜಿನ ಮೇಲೆ, ಪೆನ್ನುಗಳ ಡಬ್ಬಿಯಲ್ಲಿ, ಕಿರುಬೆರಳಿನ ಅರ್ಧದಷ್ಟು ಉದ್ದದ ಒಂದು ಬೋಲ್ಟು ಬಿದ್ದುಕೊಂಡಿದೆ. ಅದರ ಮೈಗೆ ಬಿಳಿ ಲೋಹದ ಎಳೆಯೊಂದು ಸುತ್ತಿಕೊಂಡಿದೆ, ಹಬ್ಬದ ಮರುದಿನ ಚಮಚಕ್ಕೆ ಅಂಟಿ ಒಣಗಿದ ಶಾವಿಗೆಯ ಹಾಗೆ. ಮನೆಗೆ ಬಂದವರು ಪೆನ್ನು ಹುಡುಕುವಾಗ ಇದು ಕೈಗೆ ಹತ್ತುತ್ತದೆ. "ಇದೇನ್ರಿ ಸರ್?" ಎನ್ನುತ್ತಾರೆ. "ಫಿಸಿಕ್ಸ್" ಎನ್ನುತ್ತೇನೆ. ಸುಮ್ಮನೆ ವಾಪಸ್ ಇಟ್ಟುಬಿಡುತ್ತಾರೆ. ವಿಜ್ಞಾನದ ಮಾಸ್ತರನ ಮನೆಯಲ್ಲಿ ಇಂಥವು ಇರುತ್ತವೆ ಎಂದು ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ನಿಮಗಾದರೆ ನಿಜ ಹೇಳಬಹುದು.

ನಾನು ರಾಯಚೂರಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಸಂದರ್ಭ ಇಲ್ಲದಿದ್ದರೂ ಹೇಳುತ್ತೇನೆ. ನಲವತ್ತಾರಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಮೈ ಬೆವರಬೇಕು ಎಂದರು. ವರ್ಗವಾಗಿ ಹೋಗುತ್ತಿದ್ದ ಬ್ಯಾಂಕಿನವರೊಬ್ಬರಿಂದ ಒಂದು ಗೇರ್ ಸೈಕಲ್ಲು ತೆಗೆದುಕೊಂಡೆ. ಬೆಟ್ಟ ಹತ್ತುವ ಸೈಕಲ್ಲಂತೆ. ದಪ್ಪ ಟೈರು, ಮುಂದಿನ ಗಾಲಿಯನ್ನು ಹಿಡಿದ ಎರಡು ಕಾಲಿನ ಸ್ಪ್ರಿಂಗಿನ ಫೋರ್ಕು, ಗಾಲಿಗೆ ಡಿಸ್ಕ್ ಬ್ರೇಕು, ಇಪ್ಪತ್ತೊಂದು ಗೇರು. ಅದರಲ್ಲಿ ಮೂರನ್ನು ನಾನು ಬಳಸುತ್ತೇನೆ. ಉಳಿದ ಹದಿನೆಂಟು ರಾಯಚೂರಿನಲ್ಲಿ ಬೆಟ್ಟ ಬರುವುದನ್ನು ಕಾಯುತ್ತಿವೆ.

ಈ ಸುದ್ದಿ ಮಾನ್ವಿಗೆ ಹೋಯಿತು. ಮಾನ್ವಿಯಲ್ಲಿ ನನ್ನ ಅಕ್ಕ ನಿಂಗಮ್ಮ ಇದ್ದಾಳೆ. ಐವತ್ತು ವರ್ಷ, ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಫೋನು ಮಾಡಿದಳು.

"ಸೈಕಲ್ ತಗೊಂಡಿಯಂತಲ್ಲೋ."

"ಹೂಂ ಯಕ್ಕಾ."

"ಒಂದಿನ ತಗೊಂಡು ಬಾ. ನಾ ಹೊಡಿತೀನಿ."

ನಾನು ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ. ಇವಳು ನನ್ನ ಹತ್ತಿರ ಇಲ್ಲಿಯವರೆಗೆ ಏನನ್ನೂ ಕೇಳಿದವಳಲ್ಲ. ಸೀರೆ ಒಯ್ದರೆ "ಅದಾವ" ಎನ್ನುತ್ತಾಳೆ. ಕಣ್ಣು ತೋರಿಸೋಣ ಎಂದರೆ "ಕಾಣ್ತದ" ಎನ್ನುತ್ತಾಳೆ. ಅಂಥವಳು ಮೊದಲ ಸಲ ಒಂದು ಕೇಳಿದ್ದಾಳೆ ಎಂದ ಮೇಲೆ ಅದು ಸರ್ಕಾರಿ ಆದೇಶಕ್ಕಿಂತ ಹೆಚ್ಚು. ಐತವಾರ ಎಂದು ಗೊತ್ತುಮಾಡಿದೆವು. ಅವತ್ತು ಅವಳ ಶಾಲೆಯ ಮೈದಾನ ಖಾಲಿ ಇರುತ್ತದೆ, ನೋಡಿ ನಗುವವರೂ ಇರುವುದಿಲ್ಲ.

ಅಕ್ಕನಿಗೂ ಸೈಕಲ್ಲಿಗೂ ಒಂದು ಹಳೆಯ ಸಂಬಂಧ ಇದೆ. ಪ್ರತಿ ವರ್ಷ ಶಿಕ್ಷಕರ ದಿನದ ಭಾಷಣದಲ್ಲಿ ನಾನು ಅದನ್ನು ಹೇಳುತ್ತೇನೆ. ನಮ್ಮದು ದೇವದುರ್ಗ ತಾಲೂಕಿನ ಜಾಲಹಳ್ಳಿ. ನನ್ನ ಏಳನೇತ್ತೆಯ ಪರೀಕ್ಷೆ ದೇವದುರ್ಗದಲ್ಲಿತ್ತು. ಅವತ್ತು ಮುಂಜಾನೆ ಬಸ್ಸು ಕೆಟ್ಟು ನಿಂತಿತು. ಹದಿನಾರು ವರ್ಷದ ಅಕ್ಕ, ಹತ್ತಿ ತೂಗಲು ಬರುತ್ತಿದ್ದ ಗುಮಾಸ್ತರ ಸೈಕಲ್ಲನ್ನು ಕೇಳದೆ ಎತ್ತಿಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು, ದೇವದುರ್ಗದವರೆಗೆ ತುಳಿದಳು. ನಾನು ಪರೀಕ್ಷೆ ಬರೆದೆ. ಸಂಜೆ ಅಪ್ಪ, ಮದುವೆ ವಯಸ್ಸಿಗೆ ಬಂದ ಹುಡುಗಿ ಸೈಕಲ್ ಹೊಡೆದಳೆಂದು ಬಾವಿಯ ಹತ್ತಿರ ಎಲ್ಲರೆದುರು ಅವಳ ಕಪಾಳಕ್ಕೆ ಹೊಡೆದ. ಅಲ್ಲಿಂದ ಮುಂದೆ ಅವಳು ಸೈಕಲ್ಲು ಮುಟ್ಟಲಿಲ್ಲ. ಅದೇ ವರ್ಷ ಮಾನ್ವಿಗೆ ಕೊಟ್ಟರು. "ತಮ್ಮನಿಗಾಗಿ ಏಟು ತಿಂದ ಆ ಅಕ್ಕನಿಂದಲೇ ಇವತ್ತು ನಾನು ನಿಮ್ಮ ಮುಂದೆ ನಿಂತಿದ್ದೇನೆ" ಎಂಬಲ್ಲಿ ನನ್ನ ಕಣ್ಣು ಒದ್ದೆಯಾಗುತ್ತದೆ. ಪ್ರತಿ ವರ್ಷ ಅದೇ ಸಾಲಿನಲ್ಲಿ. ಮಕ್ಕಳಿಗೂ ಈಗ ರೂಢಿಯಾಗಿದೆ, ಎರಡು ಸಾಲು ಮೊದಲೇ ಚಪ್ಪಾಳೆಗೆ ಕೈ ಎತ್ತಿಕೊಂಡಿರುತ್ತಾರೆ.

ಅಂಥ ಅಕ್ಕ ಹತ್ತುವ ಸೈಕಲ್ಲು. ಗುರುವಾರ ಸಂಜೆ ಎಲ್ಲ ಬೋಲ್ಟುಗಳನ್ನೂ ಬಿಗಿ ಮಾಡಲು ಕೂತೆ. ಅವೆಲ್ಲ ಮೊದಲೇ ಬಿಗಿಯಾಗಿದ್ದವು. ಅದು ನನಗೂ ಗೊತ್ತಿತ್ತು.

ಆದರೆ ನಮ್ಮದು ಕೂಲಿಯ ಮನೆ. ಹತ್ತಿ ಬಿಡಿಸಲು ಹೋಗುವಾಗ ಅವ್ವ ಬುತ್ತಿ ಕಟ್ಟುತ್ತಿದ್ದಳು. ಒಂದು ಗಂಟು, ಅದರ ಮೇಲೆ ಇನ್ನೊಂದು. "ಮೊದಲಿಂದು ಬುತ್ತಿಗೆ, ಎರಡನೇದು ಜೀವಕ್ಕ" ಎನ್ನುತ್ತಿದ್ದಳು. ಮಧ್ಯಾಹ್ನ ಹಸಿದು ಕೂತಾಗ ಆ ಎರಡನೇ ಗಂಟು ಬಿಚ್ಚದೆ ಹಲ್ಲಿನಿಂದ ಜಗ್ಗುತ್ತಿದ್ದೆವು. ಅಪ್ಪ ಸಲಿಕೆಗೆ ಕಾವು ಹಾಕಿ ಬೆಣೆ ಬಡಿಯುತ್ತಿದ್ದ. ಬೆಣೆ ಕೂತ ಮೇಲೂ ಒಂದು ಏಟು. ಕಳಚಿದರೆ ಇನ್ನೊಂದು ತರುವ ದಾರಿಯಿಲ್ಲದ ಮನೆಗಳಲ್ಲಿ ಆ ಕೊನೆಯ ಏಟು ಹಾಕದೆ ಯಾರೂ ಕೆಲಸದಿಂದ ಏಳುವುದಿಲ್ಲ.

ಓದಿದ ಮೇಲೂ ಇದು ನನ್ನಿಂದ ಹೋಗಲಿಲ್ಲ. ಬಿ.ಎಸ್ಸಿ. ಪದವಿ ಪತ್ರ ಕೈಗೆ ಬಂದ ದಿನವೇ ಲ್ಯಾಮಿನೇಷನ್ ಮಾಡಿಸಿದೆ. ಧೈರ್ಯ ಸಾಲದೆ ಅದರ ಮೇಲೆ ಇನ್ನೊಂದು ಲ್ಯಾಮಿನೇಷನ್. ಅಂಗಡಿಯವನು "ಇದನ್ನ ಕೃಷ್ಣಾ ನದಿಯಾಗ ಮುಳುಗಿಸ್ತೀರೇನ್ರಿ?" ಎಂದು ಕೇಳಿದ. ನೌಕರಿಗೆ ದಾಖಲೆ ತೋರಿಸುವ ದಿನ ಕಚೇರಿಯವರು ಅದನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು. "ಸೀಲು ಕೈಗೆ ಹತ್ತವಲ್ದು. ಇದು ಒರಿಜಿನಲ್ಲೋ ಕ್ಯಾಲೆಂಡರೋ?" ಎಂದರು. ನಾಲ್ಕು ದಿನ ಓಡಾಡಿ ಅದು ಒರಿಜಿನಲ್ಲೇ ಎಂದು ಬರೆಸಿಕೊಂಡು ಬಂದೆ. ಬುದ್ಧಿ ಬರಬೇಕಾಗಿತ್ತು. ಬರಲಿಲ್ಲ.

ಮುಂದಿನ ಬ್ರೇಕಿನ ಹಿಡಿಕೆ, ಅಂದರೆ ಗಾಲಿಯ ಡಿಸ್ಕನ್ನು ಕಚ್ಚಿ ಹಿಡಿಯುವ ಭಾಗ, ಫೋರ್ಕಿನ ಒಂದು ಕಾಲಿಗೆ ಎರಡು ಬೋಲ್ಟುಗಳಿಂದ ಕೂತಿರುತ್ತದೆ. ಅದನ್ನು ತಿರುಗಿಸುವುದು ಅಲನ್ ಕೀ ಎಂಬ ಎಲ್ ಆಕಾರದ ಸಣ್ಣ ಕಡ್ಡಿಯಿಂದ. ಕಡ್ಡಿ ಇಷ್ಟು ಸಣ್ಣದೇಕೆ ಎಂದು ನಾನು ಯೋಚಿಸಬೇಕಿತ್ತು. ಬದಲಿಗೆ ಮೂಲೆಯಲ್ಲಿದ್ದ ನಳದ ಪೈಪಿನ ಒಂದು ಮೊಳ ತುಂಡನ್ನು ಅದಕ್ಕೆ ಸಿಕ್ಕಿಸಿದೆ. ಸನ್ನೆಕೋಲು ಉದ್ದವಾದಷ್ಟೂ ಬಲ ಹೆಚ್ಚು. ಇಪ್ಪತ್ತು ವರ್ಷದಿಂದ ಇದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಬೋರ್ಡಿಗೆ ಎಂದೂ ಏನೂ ಆಗಿರಲಿಲ್ಲ.

ಮೊದಲನೆಯ ಬೋಲ್ಟು ತಡೆದುಕೊಂಡಿತು. ಎರಡನೆಯದು ಸ್ವಲ್ಪ ಗೊಣಗಿತು. ಇನ್ನೊಂದು ಸುತ್ತು ಎಂದು ಜಗ್ಗಿದೆ. ಒಮ್ಮೆಲೇ ಕೈ ಹಗುರಾಯಿತು, ಬೆಣ್ಣೆಯಲ್ಲಿ ಬೆರಳು ತಿರುಗಿಸಿದ ಹಾಗೆ. ಬೋಲ್ಟು ಹೊರಗೆ ಬಂತು, ಬರುವಾಗ ಫೋರ್ಕಿನ ಒಳಗಿನ ಥ್ರೆಡ್ಡನ್ನೆಲ್ಲ, ಅಂದರೆ ಬೋಲ್ಟು ಹಿಡಿಯುವ ಸುರುಳಿ ಗೆರೆಗಳನ್ನೆಲ್ಲ, ಎಳೆಯಾಗಿ ಸುತ್ತಿಕೊಂಡು ಬಂತು. ಬೋಲ್ಟು ಉಕ್ಕಿನದು, ಫೋರ್ಕಿನ ಕಾಲು ಅಲ್ಯುಮಿನಿಯಮ್ಮಿನಂಥ ಮೆತ್ತನೆಯದು. ಗಟ್ಟಿ ಮೆತ್ತಗಿನ ಜಗಳದಲ್ಲಿ ಯಾರು ಸೋಲುತ್ತಾರೆಂಬುದು ಎಂಟನೇ ತರಗತಿಯ ಪಾಠ.

"ಏನಾತ್ರಿ?" ಎಂದಳು ಹೆಂಡತಿ ಒಳಗಿನಿಂದ.

"ಬಿಗಿ ಆತು" ಎಂದೆ.

ಶುಕ್ರವಾರ ತೀನ್ ಕಂದೀಲ್ ಕಡೆಯ ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅಂಗಡಿಯವರು ತೂತಿನೊಳಗೆ ಬ್ಯಾಟರಿ ಬಿಟ್ಟು ನೋಡಿದರು.

"ಫೋರ್ಕೇ ಬದ್ಲಿ ಮಾಡಬೇಕ್ರಿ ಸರ್. ಹೈದರಾಬಾದಿಂದ ಬರಬೇಕು. ಹದಿನೈದು ದಿನ."

"ಐತ್ವಾರಕ್ಕ ಬೇಕಾಗ್ಯಾದ್ರಿ."

"ಹಂಗಿದ್ರ ಅಂಟು ಹಾಕಿ ಕುಂದ್ರಿಸಿಕೊಡ್ತೀನಿ. ಮುಂದಿನ ಬ್ರೇಕ್ ಹಿಡಿಬ್ಯಾಡ್ರಿ. ಹಿಂದಿನ ಬ್ರೇಕ್ ಅದ ಅಲ್ರಿ."

ನಾನೊಬ್ಬನೇ ಆಗಿದ್ದರೆ ಒಪ್ಪುತ್ತಿದ್ದೆ. ಆದರೆ ಹಿಡಿಯಬೇಡ ಎಂದದ್ದನ್ನೇ ಮೊದಲು ಹಿಡಿಯುವವಳು ನನ್ನ ಅಕ್ಕ. ಮೂವತ್ತು ವರ್ಷದ ಮೇಲೆ ಸೈಕಲ್ ಹತ್ತಿ, ಅಂಟಿನ ಬ್ರೇಕು ಒತ್ತಿ, ಹಿಡಿಕೆ ಕಿತ್ತು ಗಾಲಿಗೆ ಸಿಕ್ಕಿಕೊಂಡರೆ ಏನಾಗುತ್ತದೆಂದು ಕಣ್ಣ ಮುಂದೆ ಬಂತು. ಹದಿನೈದು ದಿನ ಮುಂದೆ ಹಾಕೋಣವೆಂದು ಫೋನು ಹಚ್ಚಿದೆ.

"ಐತ್ವಾರ ಎಷ್ಟಕ್ಕ ಬರ್ತಿ?" ಅವಳೇ ಮೊದಲು ಕೇಳಿದಳು. "ಹೆಸರುಕಾಳು ನೆನಿ ಹಾಕೀನಿ."

ಎರಡು ದಿನ ಮೊದಲೇ ಕಾಳು ನೆನೆಹಾಕಿ ಮೊಳಕೆ ಕಟ್ಟಲು ಕೂತವಳಿಗೆ ಏನು ಹೇಳುವುದು? "ಒಂಬತ್ತಕ್ಕ" ಎಂದೆ.

ಅಂಗಡಿಯವರಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. ಬೈಕಿನ ಎಂಜಿನ್ನಿಗೆ ಇಂಥದು ದಿನಾ ಆಗುತ್ತದೆ, ಅವರು ತೂತಿನೊಳಗೆ ಉಕ್ಕಿನ ಸ್ಪ್ರಿಂಗ್ ಕೂರಿಸುತ್ತಾರೆ, ಗರೇಜಿನವರನ್ನು ಕೇಳಿ ನೋಡಿ ಎಂದರು. ಫೋರ್ಕು ಬಿಚ್ಚಿ ಕೈಗೆ ಕೊಟ್ಟರು.

ರಾಯಚೂರಿನಲ್ಲಿ ಗರೇಜಿಗೇನು ಕಡಿಮೆಯಿಲ್ಲ. ತೊಂದರೆ ಏನೆಂದರೆ, ಅದರಲ್ಲಿ ಅರ್ಧ ಮಂದಿ ನನ್ನ ಕೈಯಲ್ಲಿ ಸನ್ನೆಕೋಲು ಕಲಿತವರು. ಪೈಪು ಹಾಕಿ ಥ್ರೆಡ್ಡು ಹಾರಿಸಿದ್ದೇನೆಂದು ಅವರ ಮುಂದೆ ನಿಲ್ಲಲು ಮನಸ್ಸಾಗಲಿಲ್ಲ. ಎರಡು ಬೀದಿಯಾಚೆ ಆಗುವ ಕೆಲಸಕ್ಕೆ ಮಾನ ಉಳಿಸಿಕೊಳ್ಳಲು ದೇವದುರ್ಗಕ್ಕೆ ಹೊರಟೆ. ಅಲ್ಲಿ ಮೈಬು ಇದ್ದ. ಜಾಲಹಳ್ಳಿಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು, ಹತ್ತನೇತ್ತೆಯಲ್ಲಿ ಎರಡು ಸಲ ಗಣಿತದಲ್ಲಿ ಬಿದ್ದು ಗರೇಜು ಸೇರಿದವನು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಫೋರ್ಕನ್ನು ಹಳೆಯ ಚಾದರದಲ್ಲಿ ಸುತ್ತಿ, ಎರಡು ಗಂಟು ಹಾಕಿ ಬಸ್ಸು ಹತ್ತಿದೆ. ಕಾಲೆರಡೂ ಹೊರಗೆ ಚಾಚಿಕೊಂಡಿದ್ದವು. ಕಂಡಕ್ಟರು ಟಿಕೆಟು ಹರಿಯುತ್ತ ನೋಡಿದ.

"ಇಷ್ಟು ದೊಡ್ಡ ಇಕ್ಕಳ, ಯಾವ ಒಲಿಗ್ರಿ ಸರ್ ಇದು?"

ಗಬ್ಬೂರು ದಾಟುವವರೆಗೆ ಇಡೀ ಬಸ್ಸು ನನ್ನ ಒಲೆಯ ಗಾತ್ರದ ಬಗ್ಗೆ ಮಾತಾಡಿತು.

ಮೈಬು ಒಂದು ಬೈಕಿನ ಎಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ತಲೆ ಎತ್ತಿ ನೋಡಿದ.

"ಲೇ ಮಾಸ್ತರ, ಸೈಕಲ್ ಬಿಟ್ಟು ಬರೇ ಕಾಲು ತಂದಿಯಲ್ಲೋ."

"ಥ್ರೆಡ್ ಹೋಗ್ಯಾದ."

"ಹೆಂಗ ಹೋತು?"

"ತಾನೇ ಹೋತು."

"ತಾನೇ ಹೋಗಾಕ ಅದಕ್ಕೇನು ಬಸ್ ಪಾಸ್ ಅದ ಏನು?" ಬೋಲ್ಟನ್ನು ಇಸಿದುಕೊಂಡು ಎಳೆಯನ್ನು ಹೆಬ್ಬೆರಳಿನಿಂದ ಸವರಿದ. "ಪೈಪ್ ಹಾಕಿದ್ಯಾ?"

ನಾನು ಚಾದರದ ಎರಡನೇ ಗಂಟಿಗೆ ಕೈ ಹಾಕಿದೆ.

"ಎಷ್ಟು ಉದ್ದ?"

ಮೊಳ ತೋರಿಸಿದೆ. ಅವನು ನಗಲಿಲ್ಲ. "ಸನ್ನೆಕೋಲು ನನಗ ನೀನೇ ಹೇಳಿಕೊಟ್ಟಿದ್ದಿ, ನೆನಪದ ಏನು?" ಎಂದ. "ತಲಿಗೆ ಹೋಗಲಿಲ್ಲ. ಛಲೋ ಆತು."

ಆಮೇಲೆ ಕೆಲಸದ ಮಾತು ಹೇಳಿದ. ಕೆಟ್ಟ ತೂತನ್ನು ಕೂದಲಷ್ಟು ಅಗಲ ಮಾಡಬೇಕು. ಅದರೊಳಗೆ ಹೊಸ ಥ್ರೆಡ್ಡು ಕೊಯ್ಯಬೇಕು. ಅದಕ್ಕೆ ಉಕ್ಕಿನ ಸುರುಳಿ ಕೂರಿಸಿದರೆ ಹಳೆಯ ಅಳತೆಯ ಬೋಲ್ಟೇ ಹಿಡಿಯುತ್ತದೆ, ಮೊದಲಿಗಿಂತ ಗಟ್ಟಿ. ಆದರೆ ಫೋರ್ಕಿನ ಈ ಭಾಗ ತೆಳು. "ಡ್ರಿಲ್ ಸೊಟ್ಟ ಹೋತಂದ್ರ ಇದು ಗುಜರಿ. ಹಾಕ್ಲ್ಯಾ?"

"ಸೈಕಲ್ಲಿಗೆ ಎಷ್ಟು ಸಲ ಮಾಡಿದ್ದಿ?"

"ಇದೇ ಮೊದಲು."

"ನಾಳಿ ಇದನ್ನ ನಿಂಗಕ್ಕ ಹೊಡಿತಾಳ" ಎಂದೆ.

ಮೈಬು ಕೈಯಲ್ಲಿದ್ದ ಡ್ರಿಲ್ಲನ್ನು ಕೆಳಗಿಟ್ಟ. ಕೈ ಒರೆಸಿಕೊಂಡ. ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕನ್ನಡಕ ತೆಗೆದು ಹಾಕಿಕೊಂಡ. ಡಬ್ಬಿಯಲ್ಲಿ ಹುಡುಕಿ, ಕಾಗದದಲ್ಲಿ ಸುತ್ತಿಟ್ಟಿದ್ದ ಹೊಸ ಡ್ರಿಲ್ ಮೂತಿಯೊಂದನ್ನು ಬಿಚ್ಚಿದ.

"ಆಕಿ ಇನ್ನಾ ಸೈಕಲ್ ಬಿಟ್ಟಿಲ್ಲೇನು?"

"ಅವತ್ತೇ ಬಿಟ್ಟಾಳ. ನನ್ನ ಪರೀಕ್ಷಿ ಸಲುವಾಗಿ ಒಂದೇ ದಿನ ಹೊಡೆದಿದ್ದು."

"ಯಾರು ಹೇಳಿದ್ರೋ ನಿನಗ?" ಎಂದ ಮೈಬು. ಆ ಸೈಕಲ್ಲಿನ ಗುಮಾಸ್ತರು ಇವನ ಅಪ್ಪ ಎಂಬುದನ್ನು ನಿಮಗೆ ಹೇಳಲಿಲ್ಲ. ಭಾಷಣದಲ್ಲೂ ಹೇಳುವುದಿಲ್ಲ, ಕಥೆ ಉದ್ದವಾಗುತ್ತದೆ. "ನಮ್ಮಪ್ಪ ಉಂಡು ಅಡ್ಡಾದ ಕೂಡ್ಲೇ ದಿನಾ ಒಯ್ತಿದ್ಲು ಆಕಿ. ಹೊಲದ ದಾರಿಯಾಗ. ಒಂದು ಹಂಗಾಮು ಪೂರಾ. ನಾ ನೋಡ್ತಿದ್ದೆ, ಹೇಳ್ತಿದ್ದಿಲ್ಲ. ಬೀಳ್ತಿದ್ಲು, ಮತ್ತ ಹತ್ತತಿದ್ಲು."

ನಾನು ಏನೋ ಹೇಳಲು ಹೋದೆ. "ಈಗ ಮಾತಾಡಬ್ಯಾಡ" ಎಂದ.

ಹಳೆಯ ಟ್ಯೂಬಿನ ತುಂಡು ಸುತ್ತಿ ಫೋರ್ಕನ್ನು ಕಬ್ಬಿಣದ ವೈಸಿನ ಬಾಯಿಗೆ ಬಿಗಿದ. ತೂತಿಗೆ ಎರಡು ಹನಿ ಸೀಮೆಎಣ್ಣೆ ಬಿಟ್ಟ. ಒಂದು ಕಣ್ಣು ಮುಚ್ಚಿ ಈ ಕಡೆಯಿಂದ ನೋಡಿದ, ಸುತ್ತಿ ಬಂದು ಆ ಕಡೆಯಿಂದ ನೋಡಿದ. ಡ್ರಿಲ್ಲು ಗುಂಯ್ ಎಂದದ್ದು ನಾಲ್ಕು ಎಣಿಸುವಷ್ಟು ಹೊತ್ತು. ನಾನು ಹೊರಗೆ ಹೋಗುವ ಎತ್ತಿನ ಬಂಡಿಯನ್ನು ನೋಡುತ್ತ ನಿಂತಿದ್ದೆ. ಆಮೇಲೆ ಥ್ರೆಡ್ಡು ಕೊಯ್ಯುವ ಟ್ಯಾಪು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಮುಂದೆ ಹೋದಷ್ಟಕ್ಕೂ ಒಂದಿಷ್ಟು ಹಿಂದೆ ಬಂದು ಪುಡಿ ಉದುರಿಸುತ್ತಿದ್ದ. ಗಣಿತದಲ್ಲಿ ಎರಡು ಸಲ ಬಿದ್ದವನ ಬೆರಳು ನನ್ನ ಕಣ್ಣಿಗೆ ಕಾಣದ ಅಳತೆಗಳನ್ನು ಅಳೆಯುತ್ತಿತ್ತು. ನನ್ನ ಡಿಗ್ರಿಯ ಬಗ್ಗೆ ನನಗಿರುವ ಹೆಮ್ಮೆ ಅವತ್ತೇನೂ ಕಡಿಮೆಯಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಪಕ್ಕಕ್ಕೆ ಸ್ವಲ್ಪ ಸರಿದು ಕೂತಿತು.

ಸುರುಳಿಯನ್ನು ಒಳಗೆ ತಿರುಗಿಸಿ, ಅದರ ತುದಿಯ ಬಾಲವನ್ನು ಮೊಳೆಯಿಂದ ಟಕ್ ಎಂದು ಮುರಿದು ತೆಗೆದ. ಹೊಸ ಬೋಲ್ಟು ಕೊಟ್ಟು "ನೀನೇ ಹಾಕು" ಎಂದ. ಬೆರಳಿನಿಂದ ಒಳಗೆ ಹೋಯಿತು. ಅಲನ್ ಕೀಯ ಗಿಡ್ಡ ಕಡೆಯನ್ನು ಎರಡು ಬೆರಳಲ್ಲಿ ಹಿಡಿಸಿದ. ತಿರುಗಿಸಿದೆ. ತಡೆಯಿತು. ಇನ್ನೊಂದು ಸುತ್ತಿಗೆ ಕೈ ತಾನಾಗಿ ಹೋಯಿತು. ಮಣಿಕಟ್ಟಿಗೆ ಒಂದು ಬಿತ್ತು.

"ಅದು ಸಾಕು ಅಂದದ. ಕೇಳಿಸಲಿಲ್ಲೇನು?"

ಸಂಜೆ ರಾಯಚೂರಿಗೆ ಬಂದು ಫೋರ್ಕು ಕೂರಿಸಿಕೊಂಡೆ. ಬ್ರೇಕು ಒತ್ತಿ ಒತ್ತಿ ನೋಡಿದೆ. ಹಿಡಿಕೆ ಕದಲಲಿಲ್ಲ.

ಐತವಾರ ನಸುಕಿಗೇ ಹೊರಟೆ. ರಾಯಚೂರಿನಿಂದ ಮಾನ್ವಿಯವರೆಗೆ ಸೈಕಲ್ಲಿನಲ್ಲೇ ಬಂದೆ ಎಂದು ಸಹೋದ್ಯೋಗಿಗಳಿಗೆ ಹೇಳಿದ್ದೇನೆ. ನಡುವೆ ಒಂದು ಭತ್ತದ ಟೆಂಪೋದವನು ನಿಲ್ಲಿಸಿ "ಬರ್ರಿ ಸರ್, ಮ್ಯಾಲ ಹಾಕ್ರಿ" ಎಂದದ್ದು, ನೀರಮಾನ್ವಿಯ ಗುಡ್ಡ ಕಾಣುವವರೆಗೆ ನಾನು ಚೀಲಗಳ ಮೇಲೆ ಕೂತು ಬಂದದ್ದು ಟೆಂಪೋದವನಿಗೂ ನನಗೂ ಬಿಟ್ಟ ವಿಷಯ.

ಅಕ್ಕ ಶಾಲೆಯ ಗೇಟಿನಲ್ಲೇ ನಿಂತಿದ್ದಳು. ನಾಟಿ ಮಾಡಲು ಕೆಸರಿಗಿಳಿಯುವಾಗ ಕಟ್ಟುವ ಹಾಗೆ ಸೀರೆಯನ್ನು ಕಚ್ಚೆ ಹಾಕಿ ಎತ್ತಿ ಕಟ್ಟಿದ್ದಳು. ನನ್ನ ಅಂಗಿ ನೋಡಿದಳು.

"ಬೆವರೇ ಬಂದಿಲ್ಲಲ್ಲೋ."

"ಗೇರ್ ಅದಾವ ಯಕ್ಕಾ."

ಅವಳು ಸೈಕಲ್ಲಿನ ಸುತ್ತ ಒಂದು ಸಲ ಬಂದಳು. ಎಮ್ಮೆ ಕೊಳ್ಳುವವರು ನೋಡುವ ಹಾಗೆ ಹಿಂದೆ ಮುಂದೆ ನೋಡಿದಳು. ನಾನು ಸೀಟು ತಗ್ಗಿಸುತ್ತ, ಬೋಲ್ಟು ಕೆಡಿಸಿದ್ದನ್ನು, ದೇವದುರ್ಗಕ್ಕೆ ಹೋದದ್ದನ್ನು, ಮೈಬು ಹೇಳಿದ್ದನ್ನು ಎಲ್ಲ ಒಪ್ಪಿಸಿದೆ.

"ಅಂವ ನೋಡ್ತಿದ್ನಾ?" ಎಂದಳು. ಅಷ್ಟೇ ಅವಳಿಗೆ ಹೊಸದು.

"ಮತ್ತ ನನ್ನ ಪರೀಕ್ಷಿ ಸಲುವಾಗಿ ನೀನು..."

"ನಿನ್ನ ಸಲುವಾಗಿ ಯಾಕೋ? ಡಾಂಬರ್ ರೋಡಿನ ಮ್ಯಾಲ ಒಮ್ಮಿ ಹೊಡಿಬೇಕಂತ ಎಷ್ಟು ದಿನದಿಂದ ಕಾಯಾಕತ್ತಿದ್ದೆ. ನಿನ್ನ ಬಸ್ ಕೆಟ್ಟದ್ದು ಛಲೋ ಆತು. ನೀ ನೋಡಿದ್ರ ಹಿಂದ ಕುಂತು ಅಳಾಕತ್ತಿದ್ದಿ."

"ಅಳ್ತಿದ್ದಿಲ್ಲ."

"ಅಳ್ತಿದ್ದಿ. ಭಾರ ಬ್ಯಾರೆ ಇದ್ದಿ."

"ಅಪ್ಪ ಹೊಡೆದದ್ದು?"

"ಹೊಡೆದ. ಒಂದು ಏಟಿಗೆ ದೇವದುರ್ಗದ ತನಕ ಅಂದ್ರ ಸೋವಿ." ಚಪ್ಪಲಿ ಬಿಟ್ಟು ಬದಿಗಿಟ್ಟಳು. "ಆಮ್ಯಾಲ ನಾನಾಗಿ ಬಿಟ್ಟಿದ್ದಲ್ಲೋ. ಇಲ್ಲಿ ಬಂದ ಮ್ಯಾಲ ಯಾರ ಮನಿಯಾಗ ಸೈಕಲ್ ಕೇಳಲಿ? ಈಗ ನಿಂದು ಬಂತು, ಕೇಳಿದೆ."

ಇಪ್ಪತ್ತು ಶಿಕ್ಷಕರ ದಿನಗಳು ಆ ಮೈದಾನದಲ್ಲಿ ನಿಂತಲ್ಲೇ ಕರಗಿದವು. ಬೇಸರವಾಗಬೇಕಿತ್ತೇನೋ. ಆಗಲಿಲ್ಲ. ಇಷ್ಟು ವರ್ಷ ನನ್ನ ಹೆಗಲ ಮೇಲೆ ಕೂತಿದ್ದ ಒಂದು ಋಣ, ಅದು ನನ್ನದೇ ಅಲ್ಲ, ಅವಳ ಖುಷಿ ಎಂದು ಗೊತ್ತಾದಾಗ ಮೈ ಹಗುರಾಯಿತು. ಆದರೆ ಹದಿನಾರಕ್ಕೆ ಬಿಟ್ಟದ್ದನ್ನು ಐವತ್ತಕ್ಕೆ ಕೇಳಿದ್ದಾಳೆ. ಇವತ್ತು ಬಿದ್ದರೆ ಮತ್ತೆ ಕೇಳುವವಳಲ್ಲ. ಆ ಹೆದರಿಕೆ ಹಾಗೇ ಇತ್ತು.

ಎಡಗೈ ಹಿಂದಿನ ಬ್ರೇಕು, ಬಲಗೈ ಮುಂದಿನದು, ಮುಂದಿನದನ್ನು ಮೆಲ್ಲಗೆ ಎರಡೇ ಬೆರಳಲ್ಲಿ ಎಂದು ಪಾಠ ಶುರು ಮಾಡಿದೆ. ಅವಳು ಆಗಲೇ ಒಂದು ಪೆಡಲ್ ಮೇಲೆ ಕಾಲಿಟ್ಟು ನೆಲ ಒದೆಯುತ್ತಿದ್ದಳು. ಹತ್ತು ಹೆಜ್ಜೆ ಸೈಕಲ್ಲು ಹಾವಿನಂತೆ ಹೊರಳಿತು. ನಾನು ಸೀಟು ಹಿಡಿದು ಹಿಂದೆ ಓಡಿದೆ.

"ಬಿಡೋ."

"ಬೀಳ್ತಿ ಯಕ್ಕಾ."

"ಬಿಡು ಅಂದೆ."

ಬಿಟ್ಟೆ. ಧ್ವಜದ ಕಂಬ ಸುತ್ತಿ ಬಂದಳು. ಇನ್ನೊಂದು ಸುತ್ತು. ಮೂರನೆಯದಕ್ಕೆ ಬೆನ್ನು ನೆಟ್ಟಗಾಯಿತು. ನನ್ನ ಹತ್ತಿರ ಬಂದಾಗ ನನ್ನ ಕಣ್ಣು ಬರೀ ಆ ಬೋಲ್ಟಿನ ಮೇಲಿತ್ತು. ಅವಳು ಬ್ರೇಕು ಮುಟ್ಟಲೇ ಇಲ್ಲ. ಓಡುವ ಸೈಕಲ್ಲಿನಿಂದ ಹಾರಿ ಇಳಿದು, ಅದರ ಜೊತೆ ನಾಲ್ಕು ಹೆಜ್ಜೆ ಓಡಿ ನಿಲ್ಲಿಸಿದಳು. ಗುಮಾಸ್ತರ ಸೈಕಲ್ಲಿಗೆ ಬ್ರೇಕು ಇದ್ದಿರಲಿಲ್ಲವಂತೆ.

"ಯಕ್ಕಾ, ಬ್ರೇಕ್ ಹಿಡಿಬೇಕು. ಅದರ ಸಲುವಾಗೇ ನಾ ದೇವದುರ್ಗಕ್ಕ ಹೋಗಿದ್ದು."

ಅವಳು ಬಲಗೈಯ ಬ್ರೇಕಿನ ಕಡ್ಡಿಯನ್ನು ನೋಡಿದಳು, ನನ್ನ ಮುಖ ನೋಡಿದಳು. "ಆತು ತಗೋ, ಹಿಡಿತೀನಿ" ಎಂದು ಮತ್ತೆ ಹತ್ತಿದಳು. ಧ್ವಜದ ಕಂಬದ ಕಡೆ ಹೋಗಲಿಲ್ಲ. ಸೀದಾ ಗೇಟು ದಾಟಿ ರೋಡಿಗೆ ಹೋದಳು.

ನಾನು ಗೇಟಿಗೆ ಓಡಿದೆ. ಮುಂದೆ ತಿರುವಿನ ಹತ್ತಿರ ಒಂದು ಕುರಿ ಹಿಂಡು ರೋಡು ದಾಟುತ್ತಿತ್ತು. ಸೈಕಲ್ಲು ವೇಗ ಇಳಿಸಿತು, ಹಿಂಡಿನ ಮುಂದೆ ನಿಂತಿತು. ಹಾರಲಿಲ್ಲ, ಓಡಲಿಲ್ಲ. ಒಂದು ಕಾಲನ್ನು ನಿಧಾನವಾಗಿ ನೆಲಕ್ಕೆ ಊರಿದಳು. ಕುರಿ ಕಾಯುವವನು ಬಾಯಿ ತೆರೆದು ನೋಡಿದ. ಅವಳು ಅವನಿಗೆ ಏನೋ ಹೇಳಿದಳು, ಅವನು ಕುರಿಗಳನ್ನು ಬೇಗ ಬೇಗ ದಾಟಿಸಿದ.

ಈಗ ತಿರುಗಿ ಬರುತ್ತಾಳೆ ಎಂದುಕೊಂಡೆ. ಅಕ್ಕ ಬಜಾರದ ಕಡೆ ಹೊರಳಿದಳು. ನಾನು ಶಾಲೆಯ ಗೇಟಿನಲ್ಲಿ ಅವಳ ಚಪ್ಪಲಿ ಕಾಯುತ್ತ ಮುಕ್ಕಾಲು ಗಂಟೆ ನಿಂತಿದ್ದೆ.